ಮಂಗಳವಾರ ಬೇಡ ಎಂದ ಹುಡುಗಿ

ಕೋವಿಡ್ ಮುಗಿದು ತರಗತಿಗಳು ಮತ್ತೆ ತುಂಬಿಕೊಂಡ ವರ್ಷ ಅದು. ಕಡೂರಿನಿಂದ ವರ್ಗವಾಗಿ ತರೀಕೆರೆ ಸೀಮೆಯ ಒಂದು ಸರ್ಕಾರಿ ಪದವಿ ಕಾಲೇಜಿಗೆ ಸಮಾಜಶಾಸ್ತ್ರದ ಅಧ್ಯಾಪಕಿಯಾಗಿ ಬಂದಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ. "ಇನ್ನೇನು ಮೇಡಂ, ಇದ್ದಷ್ಟು ದಿನ ತಣ್ಣಗೆ ಕಳೆದುಬಿಡಿ" ಎಂದು ಸಹೋದ್ಯೋಗಿಗಳು ಬುದ್ಧಿ ಹೇಳಿದರು. ತಣ್ಣಗಿರುವುದು ನನ್ನ ಜಾಯಮಾನವಲ್ಲ. ಕಾಲೇಜಿನ ಹೆಸರನ್ನಾಗಲಿ, ಈ ಕಥೆ ನಡೆದ ಹಳ್ಳಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಮಕ್ಕಳ ಹೆಸರುಗಳನ್ನೂ ಬದಲಿಸಿದ್ದೇನೆ. ನಾಚಿಕೆಪಡಬೇಕಾದವರು ಓದಿದರೆ ತಮ್ಮನ್ನು ತಾವೇ ಗುರುತಿಸಿಕೊಳ್ಳುತ್ತಾರೆ.

ನಮ್ಮ ವಿದ್ಯಾರ್ಥಿಗಳು ಅಜ್ಜಂಪುರ, ಲಕ್ಕವಳ್ಳಿ, ಅಮೃತಾಪುರದ ಕಡೆಯಿಂದೆಲ್ಲ ಬಸ್ಸಿನಲ್ಲಿ ಬರುತ್ತಿದ್ದರು. ಸೆಮಿಸ್ಟರ್‌ಗೆ ಒಂದು ಬಾರಿ ಪ್ರತಿಯೊಬ್ಬರೂ ಯಾವುದಾದರೊಂದು ಸಾಮಾಜಿಕ ಸಮಸ್ಯೆಯ ಬಗ್ಗೆ ತರಗತಿಯ ಮುಂದೆ ಮಾತನಾಡಬೇಕು. ಅದಕ್ಕೆ ಇಂಟರ್ನಲ್ ಅಂಕಗಳಿರುತ್ತವೆ. ಕಾಗದದ ಮೇಲೆ ಒಳ್ಳೆಯ ಪದ್ಧತಿಯೇ. ನಡೆಯುತ್ತಿದ್ದುದು ಮಾತ್ರ ಬೇರೆ. ಮೊಬೈಲಿನಿಂದ ಇಳಿಸಿದ ಪ್ಲಾಸ್ಟಿಕ್ ಮಾಲಿನ್ಯ, ಮೊಬೈಲಿನಿಂದ ಇಳಿಸಿದ ಮಹಿಳಾ ಸಬಲೀಕರಣ. ಒಬ್ಬ ಓದುತ್ತಿದ್ದ, ಉಳಿದವರು ಆಕಳಿಸುತ್ತಿದ್ದರು. ಭದ್ರೆಯ ನೀರು ಕುಡಿದು ಬೆಳೆದ ಲಕ್ಕವಳ್ಳಿಯ ಹುಡುಗನೊಬ್ಬ ಗಂಗಾ ನದಿಯ ಮಾಲಿನ್ಯದ ಬಗ್ಗೆ ತಡೆಯಿಲ್ಲದೆ ಓದಿ ಮುಗಿಸಿದ. ಭದ್ರೆಯ ಬಗ್ಗೆ ಕೇಳಿದರೆ "ಅದು ಸಿಗ್ಲಿಲ್ಲ ಮೇಡಂ" ಎಂದ. ಅವತ್ತು ನನಗೆ ರೇಗಿಹೋಯಿತು.

ಮಾರನೆಯ ದಿನವೇ ನಿಯಮ ಬದಲಿಸಿದೆ. ನಿಮ್ಮ ಮನೆ ಬಾಗಿಲಿನಿಂದ ಕಾಲೇಜಿನ ಗೇಟಿನವರೆಗೆ ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು. ಪ್ರಶ್ನೆ ಕೇಳುವವರು ಸಹಪಾಠಿಗಳು. ನಾನು ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಸೆಮಿಸ್ಟರ್ ಮುಗಿಯುವ ಮುಂಚೆ ಮತ್ತೊಮ್ಮೆ ಎದ್ದು ನಿಂತು, ಆಮೇಲೆ ಏನಾಯಿತು ಅಂತ ಹೇಳಬೇಕು. ಏನೂ ಆಗದಿದ್ದರೆ ಏನೂ ಆಗಲಿಲ್ಲ ಅಂತಲೇ ಹೇಳಿ, ಅದಕ್ಕೂ ಅಂಕ ಉಂಟು ಎಂದೆ. ಮೊದಲು ಗೊಣಗಿದರು. ಆಮೇಲೆ ಒಬ್ಬ ಹುಡುಗಿ, ತಮ್ಮೂರ ಸ್ಟಾಪಿನಲ್ಲಿ ಹುಡುಗಿಯರು ಮಾತ್ರ ನಿಂತಿದ್ದರೆ ಬಸ್ಸು ನಿಲ್ಲದೆ ಹೋಗುವುದನ್ನು ಹೇಳಿದಳು. ಅವತ್ತು ಯಾರೂ ಆಕಳಿಸಲಿಲ್ಲ.

ರಂಜಿತಾಳ ಸರದಿ ಬಂದ ದಿನ ಕರೆಂಟ್ ಇರಲಿಲ್ಲ. ಅವಳಿಗೆ ಪ್ರೊಜೆಕ್ಟರ್ ಬೇಕಾಗಿಯೂ ಇರಲಿಲ್ಲ. ಮಾತು ಕಡಿಮೆಯ ಹುಡುಗಿ, ದಲಿತ ಕೇರಿಯವಳು; ಅಪ್ಪ ತರೀಕೆರೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಬ್ಯಾಗಿನಿಂದ ಬಾಚಣಿಗೆ, ಕತ್ತರಿ, ಒಂದು ಬಿಳಿ ಪಂಚೆ ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ವಿಷಯ ನಮ್ಮೂರಿನ ಕಟಿಂಗ್ ಶಾಪ್" ಎಂದಳು. "ಊರಲ್ಲಿರೋದು ಒಂದೇ. ನಮ್ ಕೇರಿಯವ್ರು ಯಾರೂ ಅದ್ರೊಳಗೆ ಕಾಲಿಟ್ಟಿಲ್ಲ. ಬಸ್ ಹತ್ತಿ ತರೀಕೆರೆಗೆ ಹೋಗ್ಬೇಕು, ಇಲ್ಲ ಮನೇಲೇ ಮಾಡ್ಕೋಬೇಕು. ನಮ್ಮಪ್ಪಂಗೆ ನಾನು ಏಳನೇ ಕ್ಲಾಸಿಂದ ಕಟಿಂಗ್ ಮಾಡ್ತಿದೀನಿ. ಯಾರಾದ್ರೂ ಬಂದು ಕೂತ್ಕೊಳ್ಳಿ, ಮಾಡಿ ತೋರಿಸ್ತೀನಿ."

ಯಾರೂ ಏಳಲಿಲ್ಲ. ಸಂವಿಧಾನದ ಹದಿನೇಳನೆಯ ವಿಧಿಯನ್ನು, ಅಂದರೆ ಅಸ್ಪೃಶ್ಯತೆ ರದ್ದಾಗಿದೆ ಎಂಬ ಮಾತನ್ನು, ಇದೇ ಮಕ್ಕಳು ಪರೀಕ್ಷೆಯಲ್ಲಿ ಪೂರ್ತಿ ಅಂಕಕ್ಕೆ ಬರೆದಿದ್ದರು. ಕೊನೆಯ ಬೆಂಚಿನಲ್ಲಿ ಕೂತ ನನಗೆ ನಾಲಿಗೆ ತುರಿಸುತ್ತಿತ್ತು. ಆದರೆ ನಿಯಮ ನಾನೇ ಮಾಡಿದ್ದು.

ಮೊದಲು ಮಾತಾಡಿದವಳು ತರೀಕೆರೆ ಪೇಟೆಯ ಷಾಹೀನಾ. "ಬಸ್ ಸ್ಟ್ಯಾಂಡ್ ಹತ್ರ ಇರೋ ಸಲೂನ್ ನಮ್ ಮಾಮೂದು. ನಿಮ್ಮೂರಿನ ದೊಡ್ಡೋರೂ ಅಲ್ಲಿಗೆ ಬರ್ತಾರೆ, ಮದುವೆ ಗಿದುವೆ ಇದ್ದಾಗ. ನಿಮ್ ಕೇರಿಯವ್ರೂ ಬರ್ತಾರೆ. ಕುರ್ಚಿ ಒಂದೇ, ಕತ್ತರೀನೂ ಒಂದೇ. ಇಲ್ಲಿ ಆಗೋದು ಅಲ್ಲಿ ಯಾಕಾಗಲ್ಲ?"

"ಅದನ್ನ ನನ್ನ ಕೇಳ್ಬೇಡ ಕಣೇ. ಹೇಳೋರು ಈ ಕ್ಲಾಸಲ್ಲೇ ಇದಾರೆ" ಎಂದಳು ರಂಜಿತಾ.

ಎಲ್ಲರೂ ಅತ್ತಿತ್ತ ನೋಡಿದರು. ನವೀನ ನಿಧಾನವಾಗಿ ಎದ್ದು ನಿಂತ. ಅವಳ ಊರಿನವನೇ, ಒಂದನೇ ಕ್ಲಾಸಿನಿಂದ ಅವಳ ಜೊತೆಗೇ ಓದಿದವನು. "ಆ ಅಂಗಡಿ ನಮ್ಮಪ್ಪಂದು" ಎಂದ. "ಜಾಗ ದೇವಸ್ಥಾನದ ಕಮಿಟೀದು. ಕೇರಿಯವ್ರಿಗೆ ಕಟಿಂಗ್ ಮಾಡಿದ ದಿನ ಬೀಗ ಹಾಕಿಸ್ತೀವಿ ಅಂದಿದಾರೆ. ನಮ್ಮನ್ನೂ ಯಾರ ಮನೆ ಒಳಕ್ಕೂ ಕರೆಯಲ್ಲ, ಜಗಲೀಲೇ ನಿಲ್ಲಿಸ್ತಾರೆ. ರಂಜಿ, ನಿಮ್ಮಪ್ಪ ಖರ್ಚು ಉಳಿಸಕ್ಕೆ ಮನೇಲಿ ಮಾಡಿಸ್ಕೋತಾರೆ ಅಂದ್ಕೊಂಡಿದ್ದೆ ಕಣೇ."

"ಹಂಗಂತ ಅಂದ್ಕೊಂಡ್ರೆ ನಿಂಗೆ ನಿದ್ದೆ ಬರ್ತಿತ್ತು" ಎಂದಳು ಅವಳು.

ಹುಡುಗನ ಮುಖ ಕೆಂಪಾಯಿತು. ವಾದ ಮಾಡುತ್ತಾನೆ, ಇಲ್ಲವೇ ಹೊರಗೆ ಹೋಗುತ್ತಾನೆ ಎಂದುಕೊಂಡೆ. ಅವನು ಮುಂದೆ ಬಂದು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು, ಪಂಚೆಯನ್ನು ತಾನೇ ಕುತ್ತಿಗೆಗೆ ಸುತ್ತಿಕೊಂಡ. "ಮಾಡು" ಎಂದ.

ಅವಳು ಮಾಡಿದಳು. ಇಡೀ ತರಗತಿ ಕತ್ತರಿಯ ಸದ್ದು ಕೇಳುತ್ತಾ ಕೂತಿತ್ತು. ಹಿಂದುಗಡೆ ಕೂದಲು ತುಸು ಮೇಲಕ್ಕೇ ಹೋಯಿತು. ಮುಗಿದ ಮೇಲೆ ಷಾಹೀನಾ ಪೊರಕೆ ತಂದಳು. ನವೀನ ಅದನ್ನು ಕಿತ್ತುಕೊಂಡು ತಾನೇ ನೆಲ ಗುಡಿಸಿದ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಸ್ಪೃಶ್ಯತೆಯ ಪಾಠ ಮಾಡಿದ ನನಗೆ ಅಂದು ಮಾಡಲು ಕೆಲಸವೇ ಇರಲಿಲ್ಲ. ಅಷ್ಟು ಸಂತೋಷ ಪಾಠ ಮಾಡಿದಾಗಲೂ ನನಗೆ ಆಗಿರಲಿಲ್ಲ.

ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಿದ್ದರು. ಅದು ಊರು ತಲುಪಲು ಒಂದು ವಾರ ಹಿಡಿಯಿತು. ತಲುಪಿದ ಮರುದಿನವೇ ದೇವಸ್ಥಾನದ ಕಮಿಟಿಯ ಯಜಮಾನರು ಇನ್ನಿಬ್ಬರನ್ನು ಕಟ್ಟಿಕೊಂಡು ಪ್ರಿನ್ಸಿಪಾಲರ ಕೋಣೆಗೆ ಬಂದರು. ನವೀನನ ಅಪ್ಪ ಚಂದ್ರಣ್ಣನನ್ನೂ ಜೊತೆಗೆ ಕರೆತಂದಿದ್ದರು. ಅವರು ಮೂವರೂ ಕೂತಿದ್ದರು, ಚಂದ್ರಣ್ಣ ಬಾಗಿಲ ಬಳಿ ನಿಂತಿದ್ದ. ಪ್ರಿನ್ಸಿಪಾಲರು ನನ್ನನ್ನೂ ರಂಜಿತಾಳನ್ನೂ ಕರೆಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ಆ ಮನುಷ್ಯ.

"ನಮ್ಮೂರಲ್ಲಿ ಅಂಥದ್ದೇನೂ ಇಲ್ಲ ಮೇಡಂ, ಎಲ್ಲ ಅನ್ಯೋನ್ಯವಾಗಿದೀವಿ" ಎಂದರು ಯಜಮಾನರು. "ಊರ ಮರ್ಯಾದೆ ಹೋಯ್ತು. ಆ ಹುಡುಗ ದೇವಸ್ಥಾನದ ಮುಂದೆ ತಪ್ಪಾಯ್ತು ಅನ್ಬೇಕು. ಕಾಲೇಜಿನೋರು ಇದೆಲ್ಲ ಸುಳ್ಳು ಅಂತ ಬರ್ಕೊಡ್ಬೇಕು."

ಪ್ರಿನ್ಸಿಪಾಲರು ಪೆನ್ನು ಹುಡುಕತೊಡಗಿದರು. ನಾನು ಸುಮ್ಮನಿರಲಿಲ್ಲ. "ಬರೆದು ಕೊಡೋಣ" ಎಂದೆ. "ಕೇರಿಯವರಿಗೆ ಅಂಗಡಿ ಬಾಗಿಲು ಮುಚ್ಚುವುದು ಜೈಲಿಗೆ ಹೋಗುವಂಥ ಅಪರಾಧ. ಬೀಗ ಹಾಕಿಸುತ್ತೇವೆ ಎಂದು ಹೆದರಿಸಿದವರು ಯಾರು ಎಂಬುದನ್ನೂ ಸೇರಿಸಿ ಬರೆಯೋಣ. ಒಂದು ಪ್ರತಿ ತಾಲ್ಲೂಕು ಕಚೇರಿಗೆ, ಒಂದು ಪೊಲೀಸ್ ಠಾಣೆಗೆ." ಪ್ರಿನ್ಸಿಪಾಲರು ಪೆನ್ನು ಸಿಕ್ಕರೂ ಕೆಳಗಿಟ್ಟರು.

ಯಜಮಾನರ ದನಿ ಮೆತ್ತಗಾಯಿತು. ನಮ್ಮ ಕಡೆ ಮಂಗಳವಾರ ಕಟಿಂಗ್ ಶಾಪ್‌ಗಳಿಗೆ ರಜೆ. ಅದು ಎಲ್ಲರಿಗೂ ಗೊತ್ತು. "ಒಂದು ದಾರಿ ಐತೆ" ಎಂದರು. "ಮಂಗಳವಾರ ಹೆಂಗೂ ಅಂಗಡಿ ಮುಚ್ಚಿರ್ತದೆ. ಹಿಂದ್ಗಡೆ ಬಾಗ್ಲಿಂದ ಬಂದು ಮಾಡಿಸ್ಕೊಂಡು ಹೋಗ್ಲಿ. ಯಾರಿಗೂ ಗೊತ್ತಾಗಲ್ಲ, ಯಾರಿಗೂ ತೊಂದ್ರೆ ಇಲ್ಲ."

ಪ್ರಿನ್ಸಿಪಾಲರ ಮುಖ ಅರಳಿತು. "ನೋಡಮ್ಮಾ, ಎಷ್ಟು ದೊಡ್ಡ ಮನಸ್ಸು" ಎಂದು ರಂಜಿತಾಳ ಕಡೆ ತಿರುಗಿದರು.

"ಮಂಗಳವಾರ ಬೇಡ ಸರ್" ಎಂದಳು ಅವಳು. "ಹಿಂದ್ಗಡೆ ಬಾಗ್ಲೂ ಬೇಡ. ನಮ್ಮಪ್ಪ ಭಾನುವಾರ ಬತ್ತಾರೆ. ಎಲ್ರೂ ಬರೋ ಹೊತ್ತಿಗೇ ಬತ್ತಾರೆ, ಮುಂದ್ಗಡೆ ಬಾಗ್ಲಿಂದ."

"ಏನಮ್ಮಾ, ಕೊಟ್ಟಿದ್ದು ಸಾಲದಾ ನಿಂಗೆ?"

"ನೀವೇನು ಕೊಟ್ರಿ ಯಜಮಾನ್ರೇ? ರಜಾ ದಿನ ತಾನೇ."

ಆಗ ಬಾಗಿಲ ಬಳಿಯಿಂದ ಚಂದ್ರಣ್ಣ ಬಾಯಿ ಬಿಟ್ಟ. "ಒಂದ್ ಮಾತು. ಅವತ್ತು ನನ್ ಮಗ ಕಟಿಂಗ್ ಮಾಡಿಸ್ಕೊಂಡು ಮನೆಗೆ ಬಂದ. ಹಿಂದ್ಗಡೆ ಜಾಸ್ತಿ ಎತ್ತಿದ್ಲು ಹುಡುಗಿ. ನಾನೇ ಕೂರಿಸ್ಕೊಂಡು ಅಂಗಡಿ ಕತ್ತರೀಲಿ ಸರಿ ಮಾಡ್ದೆ. ಅವ್ಳ ಕೈ ಮುಟ್ಟಿದ ತಲೆ ಅದು. ಮಾರನೇ ದಿನ ಅದೇ ಕತ್ತರೀಲಿ ನಿಮ್ಗೂ ಮಾಡಿದೀನಿ ಯಜಮಾನ್ರೇ. ಮೈಲಿಗೆ ಅನ್ನೋದು ಇದ್ರೆ, ಅದು ಆಗ್ಲೇ ನಿಮ್ ತಲೆ ಮೇಲೈತೆ."

ಯಜಮಾನರ ಕೈ ತಾನಾಗಿ ತಲೆಗೆ ಹೋಯಿತು. ಜೊತೆಗೆ ಬಂದಿದ್ದವರಲ್ಲಿ ಒಬ್ಬ ಕಿಟಕಿಯಾಚೆ ನೋಡಿದ. ಅವನ ತಲೆಯೂ ಹೊಸದಾಗಿಯೇ ಕಾಣುತ್ತಿತ್ತು. ನಾನು ನಗು ತಡೆದುಕೊಳ್ಳಲಿಲ್ಲ, ತಡೆದುಕೊಳ್ಳಬೇಕು ಅನಿಸಲೂ ಇಲ್ಲ. ಇನ್ನು ಅಂಗಡಿಗೆ ಬೀಗ ಹಾಕಿಸಬೇಕೆಂದರೆ, ತಮಗೂ ಮೈಲಿಗೆಯಾಗಿದೆ ಎಂದು ಅವರೇ ಊರ ಮುಂದೆ ಒಪ್ಪಿಕೊಳ್ಳಬೇಕಿತ್ತು. ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಅವರು ಹೋದರೂ ಪ್ರಿನ್ಸಿಪಾಲರು ಬಿಡಲಿಲ್ಲ. ಪಠ್ಯಕ್ರಮದಲ್ಲಿ ಇಲ್ಲದ ಚಟುವಟಿಕೆಗೆ ಏಕೆ ಅವಕಾಶ ಕೊಟ್ಟಿರಿ ಎಂದು ನನಗೆ ಮೆಮೊ ಕೊಟ್ಟರು, ಅಂದರೆ ಲಿಖಿತ ವಿವರಣೆ ಕೇಳಿದರು. ಪಠ್ಯಕ್ರಮದಲ್ಲಿ ಅಸ್ಪೃಶ್ಯತೆ ಎಂಬ ಅಧ್ಯಾಯವಿದೆ, ತರಗತಿಯಲ್ಲಿ ಅದನ್ನೇ ಮಾಡಿದೆವು ಎಂದು ಬರೆದು ಕೊಟ್ಟೆ. ಅದಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ಸೆಮಿಸ್ಟರ್ ಕೊನೆಯಲ್ಲಿ ರಂಜಿತಾ ನಿಯಮದಂತೆ ಮತ್ತೆ ಎದ್ದು ನಿಂತಳು. ಆಮೇಲೆ ಏನಾಯಿತು ಎಂದು ಹೇಳಬೇಕಲ್ಲ. ಊರಿನ ಮೇಲ್ಜಾತಿಯ ಕೆಲವರು ಚಂದ್ರಣ್ಣನ ಅಂಗಡಿ ಬಿಟ್ಟು ಬಸ್ ಹತ್ತಿ ತರೀಕೆರೆಗೆ ಹೋಗತೊಡಗಿದ್ದರು. "ನಮ್ ಮಾಮೂ ಸಲೂನಿಗೇ ಬರೋದು. ಮೊನ್ನೆ ಅವ್ರಲ್ಲಿ ಒಬ್ರು, ರಂಜಿತಾ ಚಿಕ್ಕಪ್ಪ ಎದ್ದ ಕುರ್ಚೀಲೇ ಕೂತ್ಕೊಂಡ್ರು" ಎಂದು ಷಾಹೀನಾ ನಡುವೆ ಬಾಯಿ ಹಾಕಿದಳು. ತರಗತಿ ಗೊಳ್ಳೆಂದಿತು.

"ಅಪ್ಪ ಮೊದ್ಲು ಬರಲ್ಲ ಅಂದ್ರು" ಎಂದು ರಂಜಿತಾ ಮುಂದುವರಿಸಿದಳು. "ಈ ವಯಸ್ಸಲ್ಲಿ ನಂಗ್ಯಾಕೆ ಬೇಕಿತ್ತು ಕಣವ್ವಾ ಅಂದ್ರು. ನಿಂಗಲ್ಲ, ನಂಗೆ ಬೇಕು ಅಂದೆ. ಭಾನುವಾರ ಕರ್ಕೊಂಡು ಹೋದೆ. ಬೆಂಚಲ್ಲಿ ಕೂತಿದ್ದೋರು ಇಬ್ರು ಎದ್ದು ಹೋದ್ರು, ಉಳಿದೋರು ಪೇಪರ್ ಓದ್ತಾ ಕೂತ್ರು. ಸರದಿ ಬಂತು. ಚಂದ್ರಣ್ಣ ಬಟ್ಟೆ ಒದರಿ ಹೊದಿಸಿದ್ರು. ಎಲ್ರಿಗೂ ಕೇಳೋ ಹಂಗೇ, ಹೆಂಗೆ ಬಿಡ್ಲಣ್ಣಾ ಅಂತ ಕೇಳಿದ್ರು."

ಒಮ್ಮೆ ನವೀನನ ಕಡೆ ನೋಡಿ ಮತ್ತೆ ಶುರು ಮಾಡಿದಳು. "ಅಪ್ಪ ಕನ್ನಡೀಲಿ ತಮ್ಮ ತಲೆ ನೋಡ್ಕೊಂಡ್ರು. ಆ ಮಾತ್ನ ಊರಲ್ಲಿ ಯಾರೂ ಅವ್ರನ್ನ ಕೇಳಿರ್ಲಿಲ್ಲ. ಆಮೇಲೆ ಹೇಳಿದ್ರು, ನನ್ ಮಗಳು ಬಿಡೋ ಹಂಗೇ ಬಿಡಪ್ಪಾ ಅಂತ."

ನವೀನ ಎದ್ದ. "ಹಿಂದ್ಗಡೆ ಮಾತ್ರ ಅಷ್ಟು ಎತ್ತಬೇಡ ಅಂತ ನಮ್ಮಪ್ಪ ಹೇಳಿ ಕಳ್ಸಿದಾರೆ" ಎಂದ. ಅವಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. ಮುಂದಿನ ಸೆಮಿಸ್ಟರಿನಲ್ಲಿ ಗಂಗಾ ನದಿಯ ಹುಡುಗ ಭದ್ರಾ ನಾಲೆಯ ನೀರು ಕೊನೆಯ ಗದ್ದೆಗಳನ್ನು ತಲುಪದಂತೆ ನಡುವೆ ತಡೆಯುವವರು ಯಾರು ಎಂಬುದನ್ನು ವಿಷಯವಾಗಿ ತೆಗೆದುಕೊಂಡ. ಅದಕ್ಕೂ ಒಂದು ಮೆಮೊ ಬಂತು.

ಈಗ ನಿವೃತ್ತಳಾಗಿ ಕಡೂರಿನಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರು ಆಗಾಗ ಫೋನು ಮಾಡಿ, ಇಂಥ ವಿಷಯಗಳನ್ನು ತರಗತಿಯಲ್ಲಿ ಮಾತಾಡಿಸಿದರೆ ಗಲಾಟೆಯಾಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುತ್ತದೆ. ಯಾರಿಗೂ ಗೊತ್ತಾಗದ ಹಾಗೆ ಮುಗಿಸೋಣ ಎಂದು ಯಾರಾದರೂ ದೊಡ್ಡ ಮನಸ್ಸಿನವರು ಬಂದೂ ಬರುತ್ತಾರೆ. ಪುಸ್ತಕದಿಂದ ಕಲಿಸಲಾಗದ್ದನ್ನು ಪಕ್ಕದ ಬೆಂಚಿನವಳು ಕಲಿಸುತ್ತಿರುವಾಗ ನಮ್ಮ ಕೆಲಸ ಅವಳಿಗೆ ಅಡ್ಡ ನಿಲ್ಲದಿರುವುದು, ಅಡ್ಡ ಬಂದವರಿಗೆ ಅಡ್ಡ ನಿಲ್ಲುವುದು. ಅವರಿಗೆಲ್ಲ ನಾನು ಹೇಳುವುದು ಒಂದೇ: ಮಂಗಳವಾರಕ್ಕೆ ಒಪ್ಪಿಕೊಳ್ಳಬೇಡಿ.