ಇಲಿ ಕೋಣೆಯ ಬಾಗಿಲಲ್ಲಿ ಸಾಕಮ್ಮ

ಬೆಳಕು ಸರಿಯಾಗಿ ಹರಿದಿಲ್ಲ, ಸಾಕಮ್ಮ ಆಗಲೇ ಇಬ್ಬರನ್ನು ಬೈದು ಮುಗಿಸಿದ್ದಾರೆ. ಒಬ್ಬ, ಚಪ್ಪಲಿ ಮೆಟ್ಟಿಕೊಂಡೇ ಕಾರಿಡಾರಿನಲ್ಲಿ ಅಡ್ಡಾಡಿದ ಕಾವಲುಗಾರ. ಇನ್ನೊಬ್ಬ, ಇಲಿಗಳ ಆಹಾರದ ಮೂಟೆಯ ಮೇಲೆ ಟೀ ಫ್ಲಾಸ್ಕ್ ಇಟ್ಟು ನಗುತ್ತ ನಿಂತ ಕ್ಯಾಂಟೀನ್ ಹುಡುಗ. "ಎಷ್ಟು ಸಲ ಹೇಳದು? ನಂಗೇನು ಬೇರೆ ಕೆಲ್ಸ ಇಲ್ವಾ?" ಎಂದು ಗೊಣಗುತ್ತಲೇ ಅವರು ಸ್ನಾನಕ್ಕೆ ಹೋಗುತ್ತಾರೆ. ಶ್ರೀರಾಂಪುರದ ಮನೆಯಲ್ಲಿ ಮಾಡಿ ಬಂದ ಸ್ನಾನ ಇಲ್ಲಿ ಲೆಕ್ಕಕ್ಕಿಲ್ಲ. ಮತ್ತೆ ಮೈ ತೊಳೆದು, ಹಬೆಯಲ್ಲಿ ಬೇಯಿಸಿದ ಬಟ್ಟೆ ತೊಟ್ಟು, ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಏರಿಸಿದ ಮೇಲೆಯೇ ಇಲಿ ಕೋಣೆಯ ಬಾಗಿಲು ತೆರೆಯುವುದು.

ಗೋಕುಲಂ ಕಡೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಮ್ಮ ಇಲಿ ಸಾಕುತ್ತಾರೆ. ಎಲ್ಲವೂ ಬಿಳಿ ಇಲಿಗಳು, ಅಂಗೈಯಲ್ಲಿ ಹಿಡಿಯುವಷ್ಟು. ಅವು ತಿನ್ನುವ ಕಾಳು, ಕುಡಿಯುವ ನೀರು, ಮಲಗುವ ಮರದ ಹೊಟ್ಟು ಎಲ್ಲವೂ ಮೊದಲು ಹಬೆಯಲ್ಲಿ ಬೇಯಬೇಕು. ಎಂಬತ್ತು ಪಂಜರ ತೊಳೆದು, ಬೇಯಿಸಿ, ಹಾಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಇಷ್ಟು ಮಾಡಿದ ಮೇಲೂ ಕೇಂದ್ರದಲ್ಲಿ ಅವರಿಗಿರುವ ಹೆಸರು ಜಗಳಗಂಟಿ. ಆ ಹೆಸರು ಅವರ ಕಿವಿಗೂ ಬಿದ್ದಿದೆ, ಬೇಜಾರೇನೂ ಮಾಡಿಕೊಂಡಿಲ್ಲ.

ಹುಟ್ಟಿದ್ದು ಕೊಳ್ಳೇಗಾಲದ ಹತ್ತಿರದ ಹಳ್ಳಿಯಲ್ಲಿ, ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ. ಹುಳುಮನೆಯ ಬಾಗಿಲಲ್ಲಿ ಅವರ ಅವ್ವ ಸುಣ್ಣ ಚೆಲ್ಲಿ, ಕಾಲು ತೊಳೆಯದವರನ್ನು ನೆಂಟರೆಂದೂ ನೋಡದೆ ಹಿಂದಕ್ಕೆ ಕಳಿಸುತ್ತಿದ್ದರಂತೆ. ಆಟೋ ಓಡಿಸುವ ಚೆಲುವರಾಜುವನ್ನು ಮದುವೆಯಾಗಿ ಮೈಸೂರಿಗೆ ಬಂದ ಸಾಕಮ್ಮ, 1995ರಲ್ಲಿ ಈ ಕೇಂದ್ರಕ್ಕೆ ಕಸ ಗುಡಿಸಲು ಸೇರಿದರು. ಹುಳು ಸಾಕಿದ ಕೈ ಎಂದು ತಿಳಿದ ಮೇಲೆ ಇಲಿ ಕೋಣೆಗೆ ಹಾಕಿದರು. ಅಂದಿನಿಂದ ಈ 2002ರ ದಸರೆಯವರೆಗೆ ಆ ಬಾಗಿಲು ಅವರದೇ.

ಅಷ್ಟೊಂದು ಮಡಿ ಯಾಕೆ ಎಂದು ಕೇಳಿದರೆ ಸಂಶೋಧಕಿ ಶಿಲ್ಪಶ್ರೀ ಕುರ್ಚಿ ಎಳೆದುಕೊಂಡು ಬಿಡಿಸಿ ಹೇಳುತ್ತಾರೆ. ಮೈಗೆ ಹೊಕ್ಕ ರೋಗಾಣುವನ್ನು ಹಿಡಿಯಲು ಪ್ರತಿಕಾಯ ಬೇಕು. ಲೋಕದ ಒಂದೊಂದು ರೋಗಾಣುವಿಗೂ ಒಂದೊಂದು ಜೀನ್ ಹೊತ್ತು ಹುಟ್ಟಲು ಯಾರಿಂದಲೂ ಆಗದು. ಅದಕ್ಕೇ ಪ್ರತಿಕಾಯ ಮಾಡುವ ಬಿಳಿ ರಕ್ತಕಣಗಳು ಬೆಳೆಯುವಾಗ ತಮ್ಮ ಡಿಎನ್‌ಎಯನ್ನು ತಾವೇ ಬೇಕೆಂದು ಕತ್ತರಿಸಿ, ಅಲ್ಲೊಂದು ಇಲ್ಲೊಂದು ತುಂಡು ಆರಿಸಿ ಹೊಸ ಜೀನ್ ಕಟ್ಟಿಕೊಳ್ಳುತ್ತವೆ. ಕತ್ತರಿಸಿದ್ದನ್ನು ಬೆಸೆಯುವುದು, ಎಕ್ಸ್‌ರೇ ತಗುಲಿ ಮುರಿದ ಡಿಎನ್‌ಎಯನ್ನು ದುರಸ್ತಿ ಮಾಡುವ ಅದೇ ಪ್ರೋಟೀನುಗಳ ಕೆಲಸ. ಬೆಸೆಯುವಾಗ ತುದಿಯಲ್ಲಿ ಡಿಎನ್‌ಎ ಬರಹದ ಒಂದೆರಡು ಅಕ್ಷರ ಉದುರುತ್ತವೆ, ಒಂದೆರಡು ಸೇರುತ್ತವೆ. ಆ ಒರಟು ಬೆಸುಗೆಯಿಂದಲೇ ಒಂದು ಕಣದ ಪ್ರತಿಕಾಯ ಇನ್ನೊಂದರಂತಿರುವುದಿಲ್ಲ, ಹೊಸ ರೋಗ ಬಂದರೂ ಯಾವುದೋ ಒಂದು ಅದನ್ನು ಹಿಡಿಯುತ್ತದೆ.

ಈ ಇಲಿಗಳಲ್ಲಿ ದುರಸ್ತಿಯ ಒಂದು ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿದೆ. ಕತ್ತರಿ ಬೀಳುತ್ತದೆ, ಬೆಸುಗೆ ಬೀಳುವುದಿಲ್ಲ, ಕಣ ಸತ್ತುಹೋಗುತ್ತದೆ. ಪ್ರತಿಕಾಯವೇ ಇಲ್ಲದ ಈ ಜೀವಗಳಿಗೆ ಗೋಡೆಯ ಬೂಷ್ಟೂ ಯಮನೇ. ಕೆಟ್ಟ ಪ್ರೋಟೀನಿನ ಬದಲಿಗೆ ಬೇರೆ ಬೇರೆ ಬಗೆಯದನ್ನು ಕೊಟ್ಟು, ಬೆಸುಗೆ ಹೇಗೆ ಬದಲಾಗುತ್ತದೆ ಎಂದು ನೋಡುವುದು ಶಿಲ್ಪಶ್ರೀಯ ಕೆಲಸ. ಇದನ್ನೆಲ್ಲ ಮೊದಲ ಸಲ ಕೇಳಿದಾಗ ಸಾಕಮ್ಮನಿಗೆ ಬಂದದ್ದು ಸಿಟ್ಟು. "ಹೊಲಿಯೋರು ಇಲ್ಲ ಅಂತ ಗೊತ್ತಿದ್ದೂ ಕತ್ತರಿ ಹಾಕ್ತದಲ್ಲ, ಅದ್ಯಾವ ಸೀಮೆ ಮೈ ಕಣವ್ವ ಇದು?" ಎಂದಿದ್ದರಂತೆ.

ಹೋದ ವರ್ಷದ ಆಯುಧಪೂಜೆಯಲ್ಲಿ ಕೇಂದ್ರದ ಆಡಳಿತಾಧಿಕಾರಿ ವೆಂಕಟಸುಬ್ಬಯ್ಯನವರು ಪರಿವಾರ ಸಮೇತ ಇಲಿ ಕೋಣೆಗೂ ನುಗ್ಗಿದ್ದರು. ಸಾಕಮ್ಮ ಅಂದು ರಜೆಯಲ್ಲಿದ್ದರು. ಪಂಜರಗಳಿಗೆಲ್ಲ ಅರಿಶಿನ ಕುಂಕುಮ, ಚೆಂಡುಹೂವು, ಹೊಸ್ತಿಲ ಒಳಗೇ ಬೂದುಗುಂಬಳ. ದೀಪಾವಳಿ ಬರುವಷ್ಟರಲ್ಲಿ ಇಲಿಗಳು ಸಾಲಾಗಿ ಮಲಗಿದವು. ಒಂದು ಮೂಲೆಯ ಕೆಲವು ಮಾತ್ರ ಉಳಿದವು. ಶಿಲ್ಪಶ್ರೀ ಮೊದಲಿಂದ ಶುರು ಮಾಡಬೇಕಾಯಿತು. ಹೂವಿನಿಂದಲೇ ಆಯಿತೆಂದು ಸಾಬೀತಾಗಲಿಲ್ಲ. ವೆಂಕಟಸುಬ್ಬಯ್ಯನವರೇನು ಕೆಟ್ಟವರಲ್ಲ, ಸತ್ತ ಇಲಿಗಳಿಗಾಗಿ ನಿಜವಾಗಿ ನೊಂದವರು. ಆದರೆ ಅವರು ಕಂಡುಕೊಂಡ ಕಾರಣ ಕೇಳಿ ಸಾಕಮ್ಮ ಹಣೆ ಚಚ್ಚಿಕೊಂಡರು. ಹೋದ ಸಲ ಪೂಜೆ ಅವಸರದಲ್ಲಿ ಆಯಿತಂತೆ, ಅದಕ್ಕೇ ಹೀಗಾಯಿತಂತೆ, ಈ ಸಲ ಆ ಕೋಣೆಯಲ್ಲಿ ಸಾಂಗವಾಗಿ ನಡೆಯಬೇಕಂತೆ!

ಆಗಬಾರದೆಂದು ಶಿಲ್ಪಶ್ರೀ ಬರೆದು ಕೊಟ್ಟರು. ನಿರ್ದೇಶಕರು ವಿದೇಶದಲ್ಲಿದ್ದಾರೆ, ಬಂದ ಮೇಲೆ ನೋಡೋಣ ಎಂಬ ಉತ್ತರ ಬಂತು. ಹಬ್ಬ ಕಾಯುತ್ತದೆಯೇ? ಉಳಿದ ಇಲಿಗಳಿಂದ ಸಾಕಮ್ಮ ಒಂದು ವರ್ಷ ಬೆಳೆಸಿದ ಸಂತಾನ ಒಳಗಿದೆ. ಈ ಸಲ ಹೋದರೆ ಶಿಲ್ಪಶ್ರೀಯ ಸಂಶೋಧನೆಯೂ ಹೋಯಿತು, ಇಲಿ ಕೋಣೆಯೂ ಮುಚ್ಚಿತು.

ಹಬ್ಬದ ಬೆಳಿಗ್ಗೆ ಸಾಕಮ್ಮ ಎದ್ದಾಗ ಗಂಟಲು ಕಟ್ಟಿತ್ತು, ಮೈ ಸುಡುತ್ತಿತ್ತು. ಅಂಗಳದಲ್ಲಿ ಆಟೋ ತೊಳೆದು ಬಾಳೆಕಂದು ಕಟ್ಟಿದ್ದ ಚೆಲುವರಾಜು, ಇವತ್ತಾದರೂ ಮನೇಲಿರು ಎಂದು ರೇಗಿದರು. ಸಾಕಮ್ಮ ಚಕ್ರಕ್ಕೆ ನಿಂಬೆಹಣ್ಣಿಟ್ಟು ಅದೇ ಆಟೋದಲ್ಲಿ ಕೂತು, ಕೇಂದ್ರಕ್ಕೆ ಬಿಡಿ ಅಂದರು.

ಆದರೆ ಅಂದು ಎಂದಿನಂತೆ ಸ್ನಾನಕ್ಕೆ ಹೋಗಲಿಲ್ಲ, ಬಟ್ಟೆ ಬದಲಿಸಲಿಲ್ಲ. ಬಾಗಿಲಿಂದ ದೂರಕ್ಕೆ ಸ್ಟೂಲ್ ಹಾಕಿ, ಮೂಗಿಗೆ ಟವೆಲ್ ಸುತ್ತಿ ಕೂತರು. ಒಳಗಿನ ಕೆಲಸಕ್ಕೆ ಶಿಲ್ಪಶ್ರೀಯನ್ನೇ ಅಟ್ಟಿದರು. ಬಾಟಲಿ ಓರೆ ಇಡಬೇಡಿ, ಹೊಟ್ಟು ಒತ್ತಬೇಡಿ, ಮೂಲೆಯ ಬಸುರಿ ಇಲಿಯನ್ನು ಅಲುಗಾಡಿಸಬೇಡಿ ಎಂದು ಹೊರಗಿನಿಂದಲೇ ಕೂಗಿ ಕೂಗಿ ಇದ್ದ ಚೂರು ದನಿಯೂ ಹೋಯಿತು.

ಹತ್ತು ಗಂಟೆಗೆ ಗಂಟೆ ಬಾರಿಸುತ್ತ ಮೆರವಣಿಗೆ ಬಂತು. ಮುಂದೆ ವೆಂಕಟಸುಬ್ಬಯ್ಯನವರು, ಕೈಯಲ್ಲಿ ಆರತಿ ತಟ್ಟೆ. ಸಾಕಮ್ಮ ಎದ್ದು ಅಡ್ಡ ನಿಂತರು. ಮಹಾನವಮಿ ದಿನ ದೇವರಿಗೇ ಬಾಗಿಲು ಹಾಕ್ತೀಯಾ ಎಂದು ಹಿಂದಿನಿಂದ ಯಾರೋ ಅಂದರು. ದೇವರಿಗೆ ಅಡ್ಡ ನಿಲ್ಲಬಾರದಮ್ಮ ಎಂದು ವೆಂಕಟಸುಬ್ಬಯ್ಯನವರೂ ಮೆಲ್ಲಗೆ ಹೇಳಿದರು.

"ದೇವ್ರಿಗೆ ಬಾಗ್ಲು ಯಾಕೆ ಸಾರ್? ಆ ತಾಯಿ ಆಗ್ಲೇ ಒಳಗವ್ಳೆ," ಅಂದರು ಸಾಕಮ್ಮ. "ನಾವು ಹೋಗಂಗಿಲ್ಲ ಅಷ್ಟೇಯ. ವರ್ಸೆಲ್ಲಾ ಸಾಕಿದೋಳು ನಾನು. ಜ್ವರ ಬಂದದೆ ಅಂತ ನಾನೇ ಹೊರಗೆ ಕೂತಿವ್ನಿ. ನೋಡಿ ಸಾರ್."

ವೆಂಕಟಸುಬ್ಬಯ್ಯನವರು ಅವರ ಕೆಂಪಾದ ಕಣ್ಣು ನೋಡಿದರು, ಮೂಗಿನ ಟವೆಲ್ ನೋಡಿದರು, ದೂರದ ಸ್ಟೂಲ್ ನೋಡಿದರು. ನಿಂತಲ್ಲೇ ಬಾಗಿಲ ಕಡೆಗೆ ಆರತಿ ಬೆಳಗಿ, ಗುಂಪನ್ನು ತಿರುಗಿಸಿಕೊಂಡು ಹೋದರು. ಕುಂಬಳಕಾಯಿ ಗೇಟಿನಾಚೆ ಒಡೆದ ಸದ್ದು ಕೇಳಿದ ಮೇಲೆಯೇ ಸಾಕಮ್ಮ ಕೂತರು.

ಪತ್ರಿಕೆಯಿಂದ ನಮ್ಮ ಜತೆ ಬಂದ ಫೋಟೋಗ್ರಾಫರ್ ಒಳಗೆ ಹೋಗಿ ಒಂದೇ ಒಂದು ಇಲಿಯ ಚಿತ್ರ ತೆಗೆಯುತ್ತೇನೆಂದು ಕೇಳಿ, ಅವನೂ ಸರಿಯಾಗಿ ಬೈಸಿಕೊಳ್ಳುತ್ತಾನೆ. ಏನಾಗಬೇಕೆಂದು ಆಸೆ ಎಂದು ಸಾಕಮ್ಮನನ್ನು ಕೇಳಿದರೆ, ಈ ಹಾಳು ಶೀತ ಬಿಟ್ಟರೆ ಸಾಕು, ಒಳಗೆ ಹೋಗದೆ ಕೈ ಕಟ್ಟಿಹಾಕಿದಂತಾಗಿದೆ ಅನ್ನುತ್ತಾರೆ.

ಅಷ್ಟರಲ್ಲಿ ಬಾಗಿಲ ಗಾಜಿನಾಚೆ ಶಿಲ್ಪಶ್ರೀ ಬಂದು ನಿಲ್ಲುತ್ತಾರೆ, ಎತ್ತಿ ಹಿಡಿದ ಪಂಜರದಲ್ಲಿ ಆಗಷ್ಟೇ ಹುಟ್ಟಿದ ಕೆಂಪು ಮರಿಗಳು. ಸಾಕಮ್ಮ ಧಡಕ್ಕನೆ ಎದ್ದು ಎರಡು ಹೆಜ್ಜೆ ಇಟ್ಟು, ತಮ್ಮನ್ನು ತಾವೇ ತಡೆದು ನಿಲ್ಲುತ್ತಾರೆ. ಕಣ್ಣಲ್ಲಿ ನೀರು ಬಂದೇಬಿಡುತ್ತದೆ.

"ನೋಡ್ದೆ ಬುಡವ್ವ," ಎಂದು ಇಲ್ಲದ ದನಿಯಲ್ಲಿ ಗದರುತ್ತಾರೆ. "ಒಳಿಕೆ ಮಡಗು. ತಾಯಿ ಹೆದರ್ಕತದೆ."