ಮಕ್ತಲ್‌ನ ಕಾಮಕಸ್ತೂರಿ ಅತ್ತರು

ಮಕ್ತಲ್‌ನಲ್ಲಿ ನಿಜಾಮ ಸರ್ಕಾರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಚಪ್ಪರದಲ್ಲಿ ಕಾಮಕಸ್ತೂರಿ ಎಲೆಯಿಂದ ಅತ್ತರು ಬಟ್ಟಿ ಇಳಿಸುವ ಬಸಣ್ಣ ಎಂಬ ಮುದುಕರು ನನ್ನ ಮುಂದೆ ಒಂದು ಸೀಸೆ ಹಿಡಿದರು.

"ಚೂರು ಮೂಸಿ ನೋಡ್ರಿ. ಜ್ವರ ಬಂದು ಹೋದಾಗಿಂದ ನನಗ ವಾಸನಿ ತಿಳಿಯಂಗಿಲ್ಲ."

"ಚಲೋ ಘಮ ಐತ್ರಿ" ಎಂದೆ.

"ಎಲ್ಲಾರೂ ಹಂಗ ಅಂತಾರ್ರಿ. ಬಟ್ಟಿಯೊಳಗ ಎಲಿ ಸೀದಿದ್ರ ನಮ್ಮಾಕಿ ಮೂಸಿ ಹೇಳತಿದ್ಲು. ಹ್ವಾದ ವರ್ಷ ತೀರಿಕೊಂಡ್ಲು."

ಸಾಬೂನಿಗೆ, ತಲೆಯೆಣ್ಣೆಗೆ, ಕೆಮ್ಮಿನ ಔಷಧಕ್ಕೆ ಎಂದು ಹೈದರಾಬಾದಿನಿಂದ ಬೇಡಿಕೆ ಏರುತ್ತಲೇ ಇದೆಯಂತೆ. ವ್ಯಾಪಾರಿಗಳು ಎಷ್ಟಿದ್ದರೂ ಒಯ್ಯುತ್ತಾರಂತೆ.

"ಮತ್ತ ಯಾಕ್ರಿ ಚಿಂತಿ?" ಎಂದು ಕೇಳಿದೆ.

"ಅವರು ಮುಚ್ಚಳ ಸುದ್ದಾ ತೆಗ್ಯಂಗಿಲ್ರಿ. ನಾ ಮಾಡಿದ್ದು ಹೆಂಗೈತಿ ಅಂತ ಖರೇ ಹೇಳವ್ರು ಯಾರೂ ಇಲ್ಲ."

ಅತ್ತರಿನ ಗುಣ ಅರಿಯದ ನಾನು ಸೀಸೆಯನ್ನು ಮತ್ತೊಮ್ಮೆ ಮೂಸಿದೆ. ಬಸ್ಸು ಬಂತು. ಹತ್ತಿ ಕುಳಿತು ನೋಡಿದರೆ, ಆಗಷ್ಟೇ ಇಳಿದ ಹೆಂಗಸೊಬ್ಬಳ ಮುಂದೆ ಅವರು ಸೀಸೆ ಹಿಡಿದು ನಿಂತಿದ್ದರು.