ತೊಟ್ಟಿಯ ನೀರು

ಸ್ತನ ಕ್ಯಾನ್ಸರಿಗೆ ಯಂತ್ರ ಕೊಡುವ ವಿಕಿರಣದ ಪ್ರಮಾಣವನ್ನು ನೀರಿನ ತೊಟ್ಟಿಯಿಟ್ಟು ಅಳೆಯುವುದು ನನ್ನ ಕೆಲಸ. ಅವತ್ತು ಅಳತೆ ಜಾಸ್ತಿ ಬಂತು. ಯಂತ್ರ ನಿಲ್ಲಿಸಿ, ಚಿಕಿತ್ಸೆಗೆ ಚನ್ನಪಟ್ಟಣದಿಂದ ಮೊದಲ ರೈಲಿಗೆ ಬಂದಿದ್ದ ಜಯಮ್ಮನವರಿಗೆ ನಾಳೆ ಬನ್ನಿ ಅಂದೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರು. ಬಾಗಿಲಿಂದಲೇ ತೊಟ್ಟಿ ನೋಡಿ, “ನೀರ್ಗೆ ಕೈ ಅದ್ದಿ ನೋಡಿದ್ರಾ ಸಾ? ಗೂಡಾಕೋಕೆ ಮುಂಚೆ ನಾವು ನೋಡ್ತೀವಿ,” ಅಂದರು.

“ಇದು ಗೂಡು ಬೇಯ್ಸೋ ನೀರಲ್ಲಮ್ಮ,” ಅಂದೆ. ಅವರು ಹೊರಟರು.

ಆಮೇಲೆ ಯಾಕೋ ಕೈ ಅದ್ದಿದೆ. ಆಗತಾನೆ ತುಂಬಿದ ನೀರು, ತಣ್ಣಗಿತ್ತು. ಅಳತೆಯ ಲೆಕ್ಕಕ್ಕೆ ನೀರಿನ ಬಿಸಿ ಎಷ್ಟು ಅಂತ ಹಿಡಿಯಬೇಕು; ನಾನು ಹಿಡಿದಿದ್ದು ಗೋಡೆಯ ಥರ್ಮಾಮೀಟರು ತೋರಿಸಿದ ಕೋಣೆಯ ಬಿಸಿಯನ್ನು. ತಿದ್ದಿ ನೋಡಿದರೆ ಯಂತ್ರ ಸರಿಯಾಗೇ ಇತ್ತು. ಹೊರಗೆ ಓಡಿದೆ, ಅವರಿರಲಿಲ್ಲ.

ಮಾರನೇ ದಿನ ಬಂದವರು, “ಮಿಷನ್ನು ರಿಪೇರಿ ಆಯ್ತಾ ಸಾ?” ಅಂತ ಕೇಳಿದರು.

“ಆಯ್ತಮ್ಮ,” ಅಂದೆ. ಕೆಟ್ಟಿದ್ದೇನು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.